ಅಮ್ಮನಿಗೊಂದು ಬಸ್ಸಾರು

ಹುಬ್ಬಳ್ಳಿ
ಶ್ರಾವಣ ಮಾಸ

ಪ್ರೀತಿಯ ಅಪ್ಪ,

ಅಮ್ಮನಿಗೆ ರಾತ್ರಿ ಹೊತ್ತಿನ ನೋವು ಕಡಿಮೆಯಾಗಿದೆ, ನಿದ್ದೆ ಬರುತ್ತಿದೆ ಅಂತ ತಮ್ಮ ಹೇಳಿದ ಮೇಲೆ ಜೀವಕ್ಕೆ ಸಮಾಧಾನವಾಯಿತು. ಪ್ಲಾಸ್ಟರ್ ಹಾಕಿದ ಕೈಯನ್ನು ಇಳಿಬಿಡುವುದು ಬೇಡ. ಕೂತಾಗ ದಿಂಬಿನ ಮೇಲೆ ಎತ್ತಿ ಇಟ್ಟುಕೊಳ್ಳಲಿ, ಬೆರಳುಗಳನ್ನು ಆಗಾಗ ಆಡಿಸುತ್ತಿರಲಿ. ಬೆರಳು ಊದಿಕೊಂಡು ಜೋಮು ಹಿಡಿದರೆ ನಾಳೆ ನೋಡೋಣ ಅನ್ನದೆ ಅವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು. ಆರು ವಾರ ಸುಮ್ಮನೆ ಕೂರುವುದು ಅವಳಿಗೆ ಕಷ್ಟ. ಕೂತು ಅಭ್ಯಾಸವಿಲ್ಲದ ಜೀವ ಅದು.

"ಬಸ್ಸಾರು ಮಾಡೋದು ಹೆಂಗೆ ಅಂತ ದೊಡ್ಡಕ್ಷರದಲ್ಲಿ ಬರ್ದು ಕಳ್ಸವ್ವ, ಒಲೆ ಪಕ್ಕ ಇಟ್ಕೋತೀನಿ" ಅಂತ ನೀನು ಫೋನಿನಲ್ಲಿ ಅಂದಾಗಿನಿಂದ ಇದೇ ಯೋಚನೆ. ಅತ್ತೆ ಮನೆಯಿಂದ ಎರಡು ಹೊತ್ತೂ ಊಟ ಬರುತ್ತಿದೆ, ನೀನು ಒಲೆ ಹಚ್ಚದಿದ್ದರೂ ಯಾರೂ ಏನೂ ಅನ್ನುತ್ತಿರಲಿಲ್ಲ. ಆದರೂ ನಾನೇ ಮಾಡುತ್ತೇನೆ ಅಂದೆಯಲ್ಲ ಅಪ್ಪ, ಆ ಮಾತಿಗೆ ಎಷ್ಟು ಸಂತೋಷವಾಯಿತು ಅಂತ ಫೋನಿನಲ್ಲಿ ಹೇಳಲು ಆಗಲಿಲ್ಲ. ಅಮ್ಮನನ್ನೇ ಕೇಳಿ ಮಾಡೋಣ ಅಂದರೆ ಅವಳು "ಒಂದಿಷ್ಟು ಬೇಳೆ, ಒಂದು ಹಿಡಿ ಸೊಪ್ಪು, ಮಿಕ್ಕಿದ್ದು ಕಣ್ಣಂದಾಜು" ಅನ್ನುತ್ತಾಳೆ. ಎರಡು ನಿಮಿಷಕ್ಕೆ "ಬಿಡಿ, ನಿಮಗೆ ಗೊತ್ತಾಗಲ್ಲ" ಅಂತ ಎದ್ದು ಬಂದು ಒಂದೇ ಕೈಯಲ್ಲಿ ತಪ್ಪಲೆ ಇಳಿಸಲು ಹೋಗುತ್ತಾಳೆ. ಅವಳು ಏಳಬಾರದು. ಅದಕ್ಕೇ ಇದನ್ನು ಒಂದೊಂದೂ ಬಿಡದೆ ಬರೆಯುತ್ತಿದ್ದೇನೆ.

ಒಂದು ವಿಷಯ ಮೊದಲೇ ಹೇಳುತ್ತೇನೆ. ನಿನಗೆ ಇಷ್ಟ ಉಪ್ಸಾರು. ನಮ್ಮ ನಾಗಮಂಗಲದ ಕಡೆ ಗಂಡಸರಿಗೆಲ್ಲ ಅದೇ. ಬೇಯಿಸಿದ ಕಟ್ಟು, ಮೇಲೊಂದಿಷ್ಟು ಅರೆದ ಖಾರ, ಮುದ್ದೆ, ಮುಗಿಯಿತು. ಮಾಡುವುದೂ ಸುಲಭ. ಆದರೆ ಅಮ್ಮನ ಪ್ರಾಣ ಇರುವುದು ಬಸ್ಸಾರಿನಲ್ಲಿ. ತನಗೆ ಬೇಕಾದ್ದನ್ನು ಬಾಯಿಬಿಟ್ಟು ಹೇಳುವವಳಲ್ಲ ಅವಳು. ಬಸ್ಸಾರು ಮಾಡಿದ ದಿನ ಎಲ್ಲರದೂ ಊಟವಾದ ಮೇಲೆ ಅಡುಗೆಮನೆಯಲ್ಲಿ ಗೋಡೆಗೆ ಒರಗಿ ಕೂತು, ತಟ್ಟೆಯಲ್ಲಿ ಇನ್ನೊಂದು ಸೌಟು ಬಿಟ್ಟುಕೊಂಡು, ಬೆರಳು ನೆಕ್ಕುತ್ತಾ ಉಣ್ಣುತ್ತಾಳೆ. ಬೇರೆ ದಿನ ಅವಳು ಉಂಡಳೋ ಇಲ್ಲವೋ ಗೊತ್ತಾಗುವುದೇ ಇಲ್ಲ. ನೀನು ಉಪ್ಸಾರಿನ ಬದಲು ಬಸ್ಸಾರನ್ನೇ ಕೇಳಿದ್ದು ನೋಡಿ, ಇದು ನಿನಗೂ ಕಂಡಿತ್ತು ಅಂತ ತಿಳಿಯಿತು.

ಇನ್ನು ಸೊಪ್ಪು. ಇದರಲ್ಲಿ ನಾನು ನಿನಗೆ ಹೇಳಿಕೊಡಬೇಕಾದ್ದು ಏನೂ ಇಲ್ಲ, ನೀನೇ ನನಗೆ ಹೇಳಿಕೊಟ್ಟವನು. ಮಳೆ ಬಿದ್ದು ರಾಗಿ ಸಾಲಿನಲ್ಲಿ ಕಳೆ ಎದ್ದಿರುತ್ತದೆ. ಅಣ್ಣೆ, ಕನ್ನೆ, ಗಣಿಕೆ, ಗೋಣಿ, ಬದುವಿನ ಕಡೆ ಹೊನಗೊನೆ, ಎಲ್ಲ ನಿನ್ನ ಕಾಲ ಕೆಳಗೇ ಇವೆ. ಇಲ್ಲಿ ಹುಬ್ಬಳ್ಳಿಯ ಸಂತೆಯಲ್ಲಿ ಪುಂಡಿಪಲ್ಯ, ಹಕ್ಕರಿಕೆ, ಮೆಂತ್ಯೆ ರಾಶಿ ರಾಶಿ ಸಿಗುತ್ತದೆ, ಅಣ್ಣೆಸೊಪ್ಪು ಮಾತ್ರ ನನ್ನ ಕಣ್ಣಿಗೆ ಬಿದ್ದಿಲ್ಲ. ಅಣ್ಣೆ ಹೂ ಬಿಡುವ ಮುಂಚಿನ ಕುಡಿಯನ್ನೇ ಚಿವುಟು. ಹೂ ಬಂದರೆ ದಂಟು ನಾರಾಗುತ್ತದೆ. ಗಣಿಕೆ ಒಂದು ಹಿಡಿಗಿಂತ ಹೆಚ್ಚು ಬೇಡ, ಕಹಿ ಮುಂದೆ ಬರುತ್ತದೆ. ಗೋಣಿಸೊಪ್ಪಿಗೆ ತನ್ನದೇ ಹುಳಿಯೂ ಲೋಳೆಯೂ ಇರುವುದರಿಂದ ಅದೂ ಸ್ವಲ್ಪ ಸಾಕು. ಅರ್ಧದಷ್ಟು ಅಣ್ಣೆಯೋ ಹಿತ್ತಿಲ ದಂಟೋ ಇರಲಿ, ಉಳಿದರ್ಧ ಎಲ್ಲ ಬೆರಕೆ. ಸೋಸಿದ ಮೇಲೆ ಕಾಲು ಕೆಜಿ ಆದರೆ ಇಬ್ಬರಿಗೆ ಧಾರಾಳ. ಪಕ್ಕದ ಹೊಲಕ್ಕೆ ಕಳೆನಾಶಕ ಹೊಡೆದಿದ್ದರೆ ಆ ಬದುವಿನ ಕಡೆ ಹೋಗಲೇಬೇಡ, ಎಷ್ಟೇ ಚೆಂದ ಚಿಗುರಿದ್ದರೂ ಸರಿ.

ತೊಳೆಯುವಾಗ ಅಗಲ ಪಾತ್ರೆಯಲ್ಲಿ ನೀರು ತುಂಬಿ ಸೊಪ್ಪನ್ನು ಮುಳುಗಿಸಿ ಅಲುಗಾಡಿಸಿ, ಸೊಪ್ಪನ್ನು ಎರಡೂ ಕೈಯಿಂದ ಮೇಲಕ್ಕೆ ಎತ್ತಿಕೊ. ನೀರನ್ನು ಬಗ್ಗಿಸಬೇಡ, ಬಗ್ಗಿಸಿದರೆ ತಳಕ್ಕೆ ಇಳಿದ ಮಣ್ಣು ಮತ್ತೆ ಸೊಪ್ಪಿಗೇ ಹತ್ತುತ್ತದೆ. ನೀರು ತಿಳಿಯಾಗುವವರೆಗೆ ಹೀಗೇ ಮಾಡು. ಮಳೆಗಾಲದ ಸೊಪ್ಪಿಗೆ ಮೂರು ನೀರಾದರೂ ಬೇಕು.

ಬೇಳೆ ನೂರು ಗ್ರಾಂ, ಅಂದರೆ ನೀನು ಕಾಫಿ ಕುಡಿಯುವ ಸ್ಟೀಲ್ ಲೋಟದಲ್ಲಿ ಮುಕ್ಕಾಲು. ತೊಗರಿಬೇಳೆಯೇ ಇರಲಿ. ಹೆಸರುಕಾಳು, ಅಲಸಂದೆ, ಹುರುಳಿಯ ಬಸ್ಸಾರೂ ಚೆನ್ನಾಗಿಯೇ ಇರುತ್ತದೆ, ಆದರೆ ಮೊದಲ ಸಲಕ್ಕೆ ತೊಗರಿ ಸಲೀಸು. ತೊಳೆದು ಅರ್ಧ ಗಂಟೆ ನೆನೆಹಾಕು. ಬೇಯಿಸಲು ನಮ್ಮ ಬೋರ್‌ವೆಲ್ ನೀರು ಬೇಡ, ಊರ ಮುಂದಿನ ಶುದ್ಧ ನೀರಿನ ಘಟಕದಿಂದ ತರುವ ಕ್ಯಾನಿನ ನೀರನ್ನೇ ಬಳಸು. ಗಡಸು ನೀರಿನಲ್ಲಿರುವ ಸುಣ್ಣದ ಅಂಶ ಬೇಳೆಯ ಒಳಗಿನ ಅಂಟನ್ನು ಗಟ್ಟಿಮಾಡಿಬಿಡುತ್ತದೆ, ಎಷ್ಟು ಉರಿ ಕೊಟ್ಟರೂ ಬೇಯುವುದಿಲ್ಲ. ಹುಣಸೆಹುಳಿಯದೂ ಅದೇ ಗುಣ. ಅಮ್ಮ ಹುಳಿಯನ್ನು ಯಾವತ್ತೂ ಕೊನೆಗೇ ಹಾಕುವುದು ಇದಕ್ಕೇ. ಬೇಳೆ ಬೆಂದ ಮೇಲೆ ಹುಳಿ ಬಿದ್ದರೆ ತೊಂದರೆಯಿಲ್ಲ, ಬೇಯುವ ಮುಂಚೆ ಬಿದ್ದರೆ ಸಂಜೆಯವರೆಗೂ ಕಾಯಬೇಕು.

ಕುಕ್ಕರ್ ಮುಟ್ಟಬೇಡ. ಕುಕ್ಕರಿನಲ್ಲಿ ಬೇಳೆ ಕರಗಿ ಗಂಜಿಯಾಗುತ್ತದೆ, ಆಮೇಲೆ ಬಸಿಯಲು ಏನೂ ಉಳಿಯುವುದಿಲ್ಲ. ದೊಡ್ಡ ತಪ್ಪಲೆಯಲ್ಲಿ ಒಂದೂಕಾಲು ಲೀಟರ್ ನೀರು ಕುದಿಯಲಿಟ್ಟು, ಕುದಿ ಬಂದ ಮೇಲೆ ಬೇಳೆ, ಚಿಟಿಕೆ ಅರಿಸಿನ, ನಾಲ್ಕು ಹನಿ ಎಣ್ಣೆ ಹಾಕು. ಎಣ್ಣೆ ಬಿದ್ದರೆ ನೊರೆ ಉಕ್ಕಿ ಒಲೆಯ ಮೇಲೆ ಸುರಿಯುವುದಿಲ್ಲ. ಉರಿ ಮಧ್ಯಮ ಇರಲಿ. ಅರ್ಧ ಗಂಟೆಯ ಮೇಲೆ ನೋಡಲು ಶುರುಮಾಡು. ಒಂದು ಬೇಳೆಯನ್ನು ಸೌಟಿನಲ್ಲಿ ತೆಗೆದು, ಆರಿಸಿ, ಹೆಬ್ಬೆರಳು ತೋರುಬೆರಳ ನಡುವೆ ಒತ್ತು. ನಡುವೆ ಬಿಳಿ ಚುಕ್ಕೆ ಗಟ್ಟಿಯಾಗಿ ಉಳಿದರೆ ಇನ್ನೂ ಬೇಯಬೇಕು. ಚುಕ್ಕೆ ಸಣ್ಣದಾಗಿ, ಒತ್ತಿದರೆ ಇನ್ನೇನು ನುಣ್ಣಗಾಗುತ್ತದೆ ಅನ್ನಿಸುವಾಗ ಸೊಪ್ಪನ್ನು ಹೆಚ್ಚಿ ಹಾಕಿ, ಅರ್ಧ ಚಮಚ ಉಪ್ಪೂ ಹಾಕು. ಮುಚ್ಚಳ ಮುಚ್ಚಬೇಡ. ಮುಚ್ಚಿದರೆ ಸೊಪ್ಪಿನ ಹುಳಿ ಆವಿಯೆಲ್ಲ ಒಳಗೇ ಸುತ್ತಿ ಹಸಿರು ಕಪ್ಪಿಡುತ್ತದೆ. ಎಂಟು ಹತ್ತು ನಿಮಿಷಕ್ಕೆ ದಂಟು ಮೆತ್ತಗಾಗುತ್ತದೆ. ಈಗ ಮತ್ತೆ ಒಂದು ಬೇಳೆ ಒತ್ತಿ ನೋಡು: ಬೆರಳ ನಡುವೆ ಪೂರ್ತಿ ನುಣ್ಣಗಾಗಬೇಕು, ತಪ್ಪಲೆಯಲ್ಲಿ ಮಾತ್ರ ಬಿಡಿಬಿಡಿಯಾಗಿಯೇ ಕಾಣಬೇಕು. ಬಸ್ಸಾರಿನ ಪೂರ್ತಿ ಹದ ಇರುವುದು ಇದೊಂದರಲ್ಲೇ ಅಪ್ಪ. ಬಿತ್ತುವ ಮುಂಚೆ ನೀನು ಹಿಡಿ ಮಣ್ಣು ತೆಗೆದುಕೊಂಡು ಅಮುಕಿ, ಬೆರಳು ಬಿಚ್ಚಿ, ಅದು ಹೇಗೆ ಒಡೆಯುತ್ತದೆ ಅಂತ ನೋಡುವ ಹಾಗೆ ಇದನ್ನೂ ನೋಡು. ಮಣ್ಣಿನ ಹದ ತಿಳಿದ ಕೈಗೆ ಬೇಳೆಯ ಹದ ತಿಳಿಯದೆ ಇರುವುದಿಲ್ಲ.

ಬಸಿಯುವಾಗ ಹುಷಾರು. ತಪ್ಪಲೆ ಭಾರ, ಆವಿ ಮುಖಕ್ಕೆ ಹೊಡೆಯುತ್ತದೆ. ಅಜ್ಜಿಯ ಕಾಲದ ಸಿಬ್ಬಲು ಅಟ್ಟದ ಮೇಲೆ ಇರಬಹುದು, ಅದನ್ನು ಹುಡುಕುತ್ತಾ ಏಣಿ ಹತ್ತಬೇಡ. ಅಕ್ಕಿ ತೊಳೆಯುವ ತೂತಿನ ಪಾತ್ರೆಯನ್ನು ಇನ್ನೊಂದು ಪಾತ್ರೆಯ ಮೇಲಿಟ್ಟು, ಸೌಟಿನಿಂದಲೇ ಸ್ವಲ್ಪ ಸ್ವಲ್ಪವಾಗಿ ಹಾಕುತ್ತಾ ಬಾ, ತಪ್ಪಲೆ ಹಗುರಾದ ಮೇಲೆ ಉಳಿದದ್ದನ್ನು ನಿನ್ನಿಂದ ಆಚೆಗೆ ಬಗ್ಗಿಸು. ಹಿಂಡಬೇಡ, ಒತ್ತಬೇಡ, ತಾನಾಗಿ ಇಳಿಯಲಿ. ಕೆಳಗೆ ಇಳಿದ ಕಟ್ಟು ತಿಳಿಹಸಿರು ಬಣ್ಣಕ್ಕೆ ನಾಲ್ಕೈದು ಲೋಟ ಇರುತ್ತದೆ. ಸೊಪ್ಪು, ಬೇಳೆ ನೀರಿಗೆ ಬಿಟ್ಟುಕೊಟ್ಟ ಸಾರವೆಲ್ಲ ಅದರಲ್ಲಿದೆ. ಎಷ್ಟೋ ಕಡೆ ಸೊಪ್ಪು ಬೇಯಿಸಿದ ನೀರನ್ನು ಚೆಲ್ಲುತ್ತಾರೆ. ನಮ್ಮವರು ಅದನ್ನೇ ಸಾರು ಮಾಡಿದರು, ಮೇಲುಳಿದದ್ದನ್ನು ಪಲ್ಯ ಮಾಡಿದರು. ಮಳೆ ನಂಬಿದ ಒಣ ಬೇಸಾಯದ ಊರಿನಲ್ಲಿ ಒಂದು ತಪ್ಪಲೆ, ಒಂದು ಹೊರೆ ಸೌದೆಯಲ್ಲಿ ಎರಡು ಅಡುಗೆ ಎಬ್ಬಿಸಿದ ಹೆಂಗಸರ ಬುದ್ಧಿ ನನಗೆ ಯಾವತ್ತೂ ದೊಡ್ಡದಾಗಿ ಕಾಣುತ್ತದೆ. ಆ ಕಟ್ಟಿನಲ್ಲಿ ಒಂದು ಲೋಟ ತೆಗೆದು ಬೇರೆ ಇಡು, ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಮಸಾಲೆಗೆ ಒಂದು ದಪ್ಪ ಈರುಳ್ಳಿ, ಎಂಟು ಹತ್ತು ಎಸಳು ಬೆಳ್ಳುಳ್ಳಿ. ಸೌದೆ ಒಲೆ ಉರಿಸುತ್ತಿದ್ದಾಗ ಅಮ್ಮ ಈರುಳ್ಳಿಯನ್ನು ಸಿಪ್ಪೆಸಮೇತ ಕೆಂಡದ ಬೂದಿಯಲ್ಲಿ ಹೂತಿಡುತ್ತಿದ್ದಳು. ಹೊರಗಿನ ಸಿಪ್ಪೆ ಕಪ್ಪಾಗಿ, ಒಳಗೆ ಬೆಂದು, ಹೊಗೆಯ ವಾಸನೆ ಹಿಡಿದು ಬರುತ್ತಿತ್ತು. ಅದನ್ನೀಗ ಮಾಡಲು ಹೋಗಬೇಡ. ಗ್ಯಾಸಿನ ಮೇಲೆ ಕಬ್ಬಿಣದ ಬಾಣಲೆ ಕಾಯಿಸಿ ಒಂದು ಚಮಚ ಎಣ್ಣೆಯಲ್ಲಿ ಹೆಚ್ಚಿದ ಈರುಳ್ಳಿ, ಬೆಳ್ಳುಳ್ಳಿ ಹಾಕಿ ಈರುಳ್ಳಿಯ ಅಂಚು ಚೆನ್ನಾಗಿ ಕೆಂಪಾಗುವವರೆಗೆ ಹುರಿ. ಅವಸರ ಪಟ್ಟರೆ ಹಸಿ ಈರುಳ್ಳಿಯ ಘಾಟು ಉಳಿದುಬಿಡುತ್ತದೆ, ಅದು ಬಸ್ಸಾರಿನ ಲಕ್ಷಣವಲ್ಲ. ಕೆಂಪಾದ ಮೇಲೆ ಒಂದು ಚಮಚ ಜೀರಿಗೆ, ಏಳೆಂಟು ಕಾಳು ಮೆಣಸು ಹಾಕಿ ಎರಡು ಸಲ ಕೈಯಾಡಿಸಿ ಗ್ಯಾಸ್ ಆರಿಸು. ಆರಿಸಿದ ಮೇಲೆಯೇ ಎರಡು ಚಮಚ ಸಾರಿನ ಪುಡಿ. ಉರಿಯಿದ್ದಾಗ ಪುಡಿ ಬಿದ್ದರೆ ಸೀಯುತ್ತದೆ, ಇಡೀ ಸಾರು ಕಹಿ ಹೊಡೆಯುತ್ತದೆ. ಪುಡಿ ಇರುವುದು ಮೇಲಿನ ಸಾಲಿನ ಹಳದಿ ಮುಚ್ಚಳದ ಡಬ್ಬದಲ್ಲಿ, ಪಕ್ಕದ ಡಬ್ಬದಲ್ಲಿರುವುದು ಬರೀ ಮೆಣಸಿನಕಾಯಿ ಪುಡಿ. ನಾಲ್ಕು ಚಮಚ ತೆಂಗಿನಕಾಯಿ ತುರಿ, ಅಡಿಕೆ ಗಾತ್ರದ ಹುಣಸೆಹಣ್ಣು, ಒಂದಿಷ್ಟು ಕೊತ್ತಂಬರಿ ಸೊಪ್ಪು ಸೇರಿಸು. ಇನ್ನೊಂದು ಮರೆಯಬೇಡ: ಬಸಿದಿಟ್ಟ ಸೊಪ್ಪು ಬೇಳೆಯಲ್ಲಿ ಒಂದು ಹಿಡಿ ಈ ಮಸಾಲೆಗೆ ಬರಬೇಕು. ಸಾರಿಗೆ ಮೈ ಕೊಡುವುದು ಅದೇ. ಎಲ್ಲ ಚೆನ್ನಾಗಿ ಆರಿದ ಮೇಲೆ ಮಿಕ್ಸಿಗೆ ಹಾಕು, ಬಿಸಿಯಿದ್ದರೆ ಆವಿ ಮುಚ್ಚಳವನ್ನು ಎಗರಿಸುತ್ತದೆ. ರುಬ್ಬಲು ನೀರಿನ ಬದಲು ಕಟ್ಟನ್ನೇ ಹಾಕು. ಬೆರಳಿಗೆ ತರಿ ಸಿಗದಷ್ಟು ನುಣ್ಣಗೆ ರುಬ್ಬು.

ಮುಂದಿನದು ಬೇಗ ಮುಗಿಯುತ್ತದೆ. ತಪ್ಪಲೆಯಲ್ಲಿ ಎರಡು ಚಮಚ ಕಡಲೆಕಾಯಿ ಎಣ್ಣೆ, ಸಾಸಿವೆ, ಸಿಡಿದ ಮೇಲೆ ಜಜ್ಜಿದ ನಾಲ್ಕು ಎಸಳು ಬೆಳ್ಳುಳ್ಳಿ, ಕರಿಬೇವು. ರುಬ್ಬಿದ್ದನ್ನು ಹಾಕಿ ಸಣ್ಣ ಉರಿಯಲ್ಲಿ ಹಸಿವಾಸನೆ ಹೋಗುವವರೆಗೆ ಕೈಯಾಡಿಸು, ಅಂಚಿನಲ್ಲಿ ಎಣ್ಣೆ ಮಿನುಗುತ್ತದೆ. ಮಿಕ್ಸಿ ಜಾರನ್ನು ಕಟ್ಟಿನಿಂದಲೇ ತೊಳೆದು ಹಾಕಿ, ಉಳಿದ ಕಟ್ಟನ್ನೂ ಸುರಿದು, ಉಪ್ಪು ಹಾಕಿ ಕುದಿಸು. ಜೋರು ಕುದಿ ಬಂದಾಗ ಉರಿ ಇಳಿಸಿ ಹತ್ತು ಹನ್ನೆರಡು ನಿಮಿಷ ಬಿಡು. ಸೌಟನ್ನು ಅದ್ದಿ ಎತ್ತಿದರೆ ಬೆನ್ನಿಗೆ ತೆಳುವಾಗಿ ಹತ್ತಿಕೊಂಡಿರಬೇಕು. ಸಾರು ನೀರಾದರೆ ಮುದ್ದೆಗೆ ಹತ್ತುವುದಿಲ್ಲ, ಗಟ್ಟಿಯಾದರೆ ಗಂಟಲಲ್ಲಿ ಜಾರುವುದಿಲ್ಲ.

ಈಗ ರುಚಿ ನೋಡು. ಇಲ್ಲಿ ನಿನ್ನ ನಾಲಗೆಯ ಮೇಲೆ ನನಗೆ ಪೂರ್ತಿ ಭರವಸೆಯಿದೆ. ಮೊದಲ ತುತ್ತಿಗೇ "ಇವತ್ತು ಹುಳಿ ಮುಂದಾಯ್ತು" ಅಂತಲೋ "ಬೆಳ್ಳುಳ್ಳಿ ಸಾಲ್ದು" ಅಂತಲೋ ನೀನು ಅನ್ನುತ್ತಿದ್ದೆ, ಅಮ್ಮ ಮರುಮಾತಿಲ್ಲದೆ ಮರುದಿನ ಸರಿಮಾಡುತ್ತಿದ್ದಳು, ಯಾಕೆಂದರೆ ನೀನು ಹೇಳಿದ್ದು ಸರಿಯಾಗಿಯೇ ಇರುತ್ತಿತ್ತು. ಅಮ್ಮನ ಕೈರುಚಿ ಅಂತ ನಾವು ಮೂವರೂ ಹೊಗಳಿದ್ದೇ ಹೊಗಳಿದ್ದು. ಆ ಕೈರುಚಿಯ ಅರ್ಧ ನಿನ್ನ ನಾಲಗೆಯಲ್ಲಿ ದಾಖಲಾಗಿದೆ, ಅಪ್ಪ. ಅದು ಕೇಳುವುದನ್ನು ಕೊಡುತ್ತಾ ಹೋಗು, ಸಾರು ಅಮ್ಮನ ಸಾರಿನ ಹತ್ತಿರಕ್ಕೆ ಬರುತ್ತದೆ. ಉಪ್ಪೋ ಹುಳಿಯೋ ಹೆಚ್ಚಾಗಿದ್ದರೆ ಬೇರೆ ಇಡಲು ಹೇಳಿದ ಆ ಲೋಟ ಕಟ್ಟನ್ನು ಸುರಿದು ಇನ್ನೊಮ್ಮೆ ಕುದಿಸು. ಖಾರ ಹೆಚ್ಚಾದರೆ ಎರಡು ಚಮಚ ಕಾಯಿ ರುಬ್ಬಿ ಹಾಕು. ಎಲ್ಲ ಸರಿಯಿದ್ದರೆ ಆ ಕಟ್ಟಿಗೆ ಚಿಟಿಕೆ ಉಪ್ಪು, ಮೆಣಸಿನ ಪುಡಿ ಹಾಕಿ ಬಿಸಿಬಿಸಿಯಾಗಿ ಅಮ್ಮನಿಗೆ ಕುಡಿಯಲು ಕೊಡು.

ಪಲ್ಯ ಅಂದರೆ ಏನೂ ಇಲ್ಲ. ಎಣ್ಣೆ, ಸಾಸಿವೆ, ಎರಡು ಒಣಮೆಣಸಿನಕಾಯಿ, ಹೆಚ್ಚಿದ ಈರುಳ್ಳಿ, ಬಸಿದಿಟ್ಟ ಸೊಪ್ಪು ಬೇಳೆ, ಉಪ್ಪು, ಮೇಲೊಂದಿಷ್ಟು ಕಾಯಿತುರಿ. ನೀರು ಹಾಕಬೇಡ.

ಮುದ್ದೆ ನಿನ್ನಿಂದಾಗುತ್ತದೆ. ತಿರುವಲು ಬೇಕಾದ ರಟ್ಟೆಯ ಬಲ ನಿನಗೆ ಅಮ್ಮನಿಗಿಂತ ಹೆಚ್ಚಿದೆ. ಇಷ್ಟು ವರ್ಷ ದಿನಕ್ಕೆರಡು ಸಲ ಅವಳ ಮಣಿಕಟ್ಟೇ ಅದನ್ನು ಮಾಡಿದ್ದು. ಎರಡು ಲೋಟ ನೀರಿಗೆ ಒಂದು ಲೋಟ ಹಿಟ್ಟು ಲೆಕ್ಕ. ಮೊದಲು ಒಂದು ಚಮಚ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಕುದಿಯುವ ನೀರಿಗೆ ಬಿಡು, ಮತ್ತೆ ಕುದಿ ಬಂದಾಗ ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿ. ಕೂಡಲೇ ಕಲಕಬೇಡ. ಉರಿ ತಗ್ಗಿಸಿ ಐದು ನಿಮಿಷ ಬೇಯಲು ಬಿಟ್ಟು, ಆಮೇಲೆ ಕೋಲು ಹಾಕಿ ಗಂಟು ಒಡೆಯುವವರೆಗೆ ತಿರುವು. ಮುಚ್ಚಿ ಎರಡು ನಿಮಿಷ ಇಟ್ಟು ಇನ್ನೊಮ್ಮೆ ತಿರುವು, ಕೈಗೆ ನೀರು ಹಚ್ಚಿಕೊಂಡು ಕಟ್ಟು. ಒದ್ದೆ ಬೆರಳಿಗೆ ಹಿಟ್ಟು ಅಂಟದಿದ್ದರೆ ಬೆಂದಿದೆ ಅಂತ ಅರ್ಥ. ನಾವು ಅನ್ನಕ್ಕೆ ಹಟ ಹಿಡಿದಾಗೆಲ್ಲ ನೀನು ಕನಕದಾಸರ ರಾಮಧಾನ್ಯದ ಕಥೆ ಹೇಳುತ್ತಿದ್ದೆ. ಆರು ತಿಂಗಳು ಸೆರೆಯಲ್ಲಿಟ್ಟರೂ ಕೆಡದೆ ಉಳಿದದ್ದು ರಾಗಿ ಅಂತ ಹೇಳುವಾಗ ನಿನ್ನ ದನಿ ಏರುತ್ತಿತ್ತು. ಈಗ ಅಮ್ಮನಿಗೆ ಆ ರಾಗಿಯೇ ಬೇಕು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಷ್ಟೇ ಹಾಲಿನಲ್ಲಿ ಇರುವುದು ಸುಮಾರು 120. ಮುರಿದ ಮೂಳೆ ಕೂಡಿಕೊಳ್ಳುವ ಹೊತ್ತಿನಲ್ಲಿ ಮುದ್ದೆ, ಬೇಳೆ, ಸೊಪ್ಪು, ಒಂದು ಲೋಟ ಹಾಲು, ಇಷ್ಟು ತಪ್ಪದೆ ಅವಳ ಹೊಟ್ಟೆಗೆ ಹೋಗಲಿ. ಡಾಕ್ಟರು ಬರೆದ ಮಾತ್ರೆಯನ್ನೂ ಬಿಡಬೇಡಿ.

ಉಣ್ಣುವಾಗ ಅವಳಿಗೆ ಮೊದಲು ಬಡಿಸು. ಬೇಡ ಅನ್ನುತ್ತಾಳೆ, ನೀವು ಉಣ್ಣಿ ಅನ್ನುತ್ತಾಳೆ, ಕೇಳಬೇಡ. ಬಲಗೈ ಪ್ಲಾಸ್ಟರಿನಲ್ಲಿರುವುದರಿಂದ ಮುದ್ದೆಯನ್ನು ನೀನೇ ಸಣ್ಣ ತುತ್ತುಗಳಾಗಿ ಮುರಿದು ಸಾರಿನಲ್ಲಿ ಹಾಕಿ ಚಮಚ ಕೊಡು. ಎಡಗೈಯಲ್ಲಿ ಉಣ್ಣಲು ಅವಳಿಗೆ ಸಂಕೋಚ, ಯಾರೂ ಬಂದು ನೋಡದ ಹಾಗೆ ಒಳಗಿನ ಕೋಣೆಯಲ್ಲಿ ಇಬ್ಬರೂ ಜೊತೆಯಲ್ಲೇ ಕೂತು ಉಣ್ಣಿ. ಸಾರು ಬಿಸಿಯಿರಬೇಕು. ತನಗಂತ ಉಳಿದದ್ದನ್ನು ಅವಳು ಆರಿದ ಮೇಲೆಯೇ ಉಂಡವಳು.

ಉಳಿದ ಸಾರನ್ನು ರಾತ್ರಿ ಇನ್ನೊಮ್ಮೆ ಮರಳ ಕುದಿಸಿ, ಆರಿದ ಮೇಲೆ ಫ್ರಿಜ್‌ನಲ್ಲಿಡು. ಮೊದಲೆಲ್ಲ ಒಲೆಯ ಮೇಲೇ ಬಿಡುತ್ತಿದ್ದರು, ಈ ಮಳೆಯ ಸೆಕೆಗೆ ಅದು ಬೇಡ. ಮರುದಿನ ಬೆಳಿಗ್ಗೆ ಕುದಿಸಿದರೆ ಹುಳಿ, ಖಾರ, ಬೆಳ್ಳುಳ್ಳಿ ಎಲ್ಲ ಒಂದರೊಳಗೊಂದು ಇಳಿದಿರುತ್ತದೆ. ನನ್ನ ಮಟ್ಟಿಗೆ ಬಸ್ಸಾರಿನ ನಿಜವಾದ ದಿನ ಎರಡನೆಯದೇ. ಪಲ್ಯ ಮಾತ್ರ ಅವತ್ತಿಂದು ಅವತ್ತೇ ಮುಗಿಸಿ.

ಮುಂದಿನ ಶನಿವಾರ ರಾತ್ರಿ ಬಸ್ಸಿಗೆ ಹೊರಟು ಭಾನುವಾರ ಬೆಳಿಗ್ಗೆ ಊರಿಗೆ ಬರುತ್ತೇನೆ. ಸೊಪ್ಪು ಕಿತ್ತು ತಂದಿಡು, ಸೋಸುವುದು ನನಗಿರಲಿ, ಅವತ್ತೂ ಒಲೆ ಮುಂದೆ ನೀನೇ ನಿಲ್ಲಬೇಕು. ಸಾರಿನ ಪುಡಿ ಡಬ್ಬದ ತಳ ಕಂಡಿದ್ದರೆ ಈಗಲೇ ಹೇಳು. ಬಣ್ಣಕ್ಕೆ ಬ್ಯಾಡಗಿ ಮೆಣಸಿನಕಾಯಿ ಇಲ್ಲಿಂದ ಒಂದು ಕೆಜಿ ತರುತ್ತೇನೆ, ಖಾರಕ್ಕೆ ಗುಂಟೂರು ಅಲ್ಲೇ ಅಂಗಡಿಯಲ್ಲಿ ತೆಗೆದುಕೊಂಡರಾಯಿತು. ಕೊತ್ತಂಬರಿ ಬೀಜ ಎರಡು ಕೆಜಿ ಕೊಂಡು ಬಿಸಿಲು ಬಂದ ದಿನ ಒಣಗಿಸಿಡು. ಹುರಿಯುವುದು ಹೇಗೆ ಅಂತ ಅಮ್ಮ ಕೂತಲ್ಲಿಂದಲೇ ಹೇಳಲಿ, ನಾವಿಬ್ಬರೂ ಮಾಡೋಣ.

ಅಮ್ಮ ಉಂಡು ಏನಂದಳು ಅಂತ ಅವತ್ತೇ ಫೋನ್ ಮಾಡು.

ನಿನ್ನ ದೊಡ್ಡ ಮಗಳು